ಮಗಳ ಕಾರಿನ ಕಪ್ಪು ಪೆಟ್ಟಿಗೆ

ಬ್ರಿಟನ್ನಿನಲ್ಲಿ ನಮ್ಮ ಮಗಳಿಗೆ ಚಾಲನಾ ಪರವಾನಗಿ ಸಿಕ್ಕ ದಿನವೇ ವಿಮೆಯ ಚಿಂತೆಯೂ ಶುರುವಾಯಿತು. ಅನುಭವವಿಲ್ಲದ ಎಳೆಯ ಚಾಲಕರಿಗೆ ಇಲ್ಲಿ ಕಂತು ಬಹಳ ದುಬಾರಿ. ಅದನ್ನು ತಗ್ಗಿಸಿಕೊಳ್ಳಲು ನಾವು ಕಾರಿನಲ್ಲಿ ‘ಬ್ಲ್ಯಾಕ್ ಬಾಕ್ಸ್’ ಕೂರಿಸುವ ಪಾಲಿಸಿಯನ್ನು ಆರಿಸಿಕೊಂಡೆವು. ವೇಗ, ಬ್ರೇಕ್ ಒತ್ತುವ ರಭಸ, ತಿರುವು ತೆಗೆದುಕೊಳ್ಳುವ ಬಗೆ, ಪ್ರಯಾಣದ ಹೊತ್ತು, ಇವೆಲ್ಲವನ್ನೂ ಆ ಸಾಧನ ದಾಖಲಿಸಿ ವಿಮಾ ಕಂಪನಿಗೆ ಕಳಿಸುತ್ತದೆ. ಅದರಿಂದ ಲೆಕ್ಕಹಾಕಿದ ಅಂಕ ಮಗಳ ಮೊಬೈಲಿನಲ್ಲಿ ಕಾಣುತ್ತದೆ.

ಹಿಂದೆ ಇಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಕಡಿಮೆ ಕಂತು ಇರುತ್ತಿತ್ತು. ಐರೋಪ್ಯ ನ್ಯಾಯಾಲಯವು 2011ರಲ್ಲಿ ನೀಡಿದ ತೀರ್ಪಿನಿಂದಾಗಿ 2012ರ ಡಿಸೆಂಬರ್ 21ರಿಂದ ಆ ಭೇದ ನಿಂತಿತು. ಓಡಿಸುವವರು ಯಾರು ಎಂದು ನೋಡುವುದಕ್ಕಿಂತ ಹೇಗೆ ಓಡಿಸುತ್ತಾರೆ ಎಂದು ನೋಡುವುದೇ ನ್ಯಾಯವೆಂದು ನನಗೆ ಅನ್ನಿಸುತ್ತದೆ.

ಮೊದಲ ತಿಂಗಳು ‘ಹಠಾತ್ ಬ್ರೇಕ್’ ಎಂಬ ಸೂಚನೆ ಪದೇ ಪದೇ ಬಂದು ಮಗಳು ನೊಂದುಕೊಂಡಳು. ಸೈಕಲ್ ಸವಾರನೊಬ್ಬನನ್ನು ಉಳಿಸಲು ಒತ್ತಿದ ಬ್ರೇಕಿಗೂ ಅಂಕ ಕಡಿತವಾಗಿತ್ತು. ಕಾರಣ ಏನೆಂಬುದು ಪೆಟ್ಟಿಗೆಗೆ ತಿಳಿಯುವುದಿಲ್ಲ. ಆದರೆ ನಾವಿಬ್ಬರೂ ಕೂತು ನಕ್ಷೆಯನ್ನು ನೋಡಿದಾಗ ಉಳಿದ ಸೂಚನೆಗಳಲ್ಲಿ ಹೆಚ್ಚಿನವು ಒಂದೇ ವೃತ್ತದ ಬಳಿಯವು ಎಂಬುದು ಗೊತ್ತಾಯಿತು. ಅಲ್ಲಿ ಅವಳು ಮುಂದಿನ ವಾಹನಕ್ಕೆ ತೀರ ಹತ್ತಿರವಾಗಿ, ವೇಗ ತಗ್ಗಿಸದೆ ಬರುತ್ತಿದ್ದಳು. ಇಲ್ಲಿನ ರಸ್ತೆ ನಿಯಮಗಳ ಕೈಪಿಡಿಯಾದ ‘ಹೈವೇ ಕೋಡ್’ ಪ್ರಕಾರ ಗಂಟೆಗೆ 30 ಮೈಲಿ ವೇಗದಲ್ಲಿರುವ ಕಾರು ಬ್ರೇಕ್ ಹಿಡಿದ ಮೇಲೆ ನಿಲ್ಲಲು 14 ಮೀಟರ್ ಬೇಕು. 60 ಮೈಲಿ ವೇಗದಲ್ಲಿ 55 ಮೀಟರ್. ಎಂದರೆ ವೇಗ ಇಮ್ಮಡಿಯಾದರೆ ದೂರ ಸುಮಾರು ನಾಲ್ಮಡಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಈ ಲೆಕ್ಕ ಅವಳಿಗೆ ನಿಜವಾಗಿ ಅರ್ಥವಾದದ್ದು ಆ ನಕ್ಷೆಯ ಮುಂದೆ. ಮುಂದಿನ ವಾರಗಳಲ್ಲಿ ಅವಳು ದೂರದಿಂದಲೇ ಆಕ್ಸಿಲರೇಟರ್ ಬಿಟ್ಟು ವೃತ್ತವನ್ನು ಸಮೀಪಿಸತೊಡಗಿದಳು.

ನಿಗಾ ಇದೆ ಎಂಬ ಭಯ ಕೆಲವು ದಿನ ಕೆಲಸ ಮಾಡೀತು. ತಪ್ಪು ಎಲ್ಲಿ, ಯಾವಾಗ ಆಯಿತು ಎಂದು ಚಾಲಕರಿಗೆ ತೋರಿಸಿದಾಗಲೇ ಅಭ್ಯಾಸ ಬದಲಾಗುತ್ತದೆ ಎಂಬುದು ನಾನು ಕಣ್ಣಾರೆ ಕಂಡದ್ದು. ಕಂತು ಕಡಿಮೆಯಾಗುವುದು ಅದರ ನಂತರದ ಮಾತು.

ಭಾರತದಲ್ಲೂ ವಿಮಾ ನಿಯಂತ್ರಣ ಪ್ರಾಧಿಕಾರವು 2022ರ ಜುಲೈನಲ್ಲಿ, ಓಡಿಸಿದ ದೂರ ಮತ್ತು ಓಡಿಸುವ ರೀತಿಯನ್ನು ಆಧರಿಸಿ ವಾಹನ ವಿಮೆಗೆ ಸೇರಿಸಿಕೊಳ್ಳಬಹುದಾದ ಹೆಚ್ಚುವರಿ ರಕ್ಷಣೆಗಳಿಗೆ ಅನುಮತಿ ನೀಡಿದೆ. ಅಂಥದ್ದನ್ನು ಕೊಳ್ಳುವವರು ತಮ್ಮ ದಾಖಲೆಯನ್ನು ಯಾರೆಲ್ಲ ನೋಡುತ್ತಾರೆ, ತಪ್ಪಿದ್ದರೆ ಹೇಗೆ ತಿದ್ದಿಸಬಹುದು ಎಂದು ಸಹಿ ಹಾಕುವ ಮೊದಲೇ ಕೇಳಲಿ. ಹೆದ್ದಾರಿಯಲ್ಲಿ ಸಾಗುತ್ತಿದ್ದ ಮಗಳ ಕಾರನ್ನು ಒಮ್ಮೆ ಪಕ್ಕದ ಸಣ್ಣ ರಸ್ತೆಯಲ್ಲಿದೆ ಎಂದು ತಪ್ಪಾಗಿ ಗುರುತಿಸಿ, ವೇಗಮಿತಿ ಮೀರಿದ್ದಾಳೆಂದು ದಾಖಲಿಸಿದ್ದರು. ಕಾನೂನಿನಂತೆ ನಮ್ಮ ದತ್ತಾಂಶದ ಪ್ರತಿಯನ್ನು ತರಿಸಿಕೊಂಡು, ರಸ್ತೆಯ ಹೆಸರು ಮತ್ತು ಸಮಯವನ್ನು ತೋರಿಸಿ ಪತ್ರ ಬರೆದ ಮೇಲೆ ಆ ನಮೂದನ್ನು ತೆಗೆದುಹಾಕಿದರು.