ಒಬ್ಬರೇ ವಿಮಾನ ದಬ್ಬುವಾಗ

ನಾನಿರುವುದು ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ, ವಿಚಿಟಾ ಹತ್ತಿರ. ಸೆಸ್ನಾ ವಿಮಾನಗಳ ಊರು ಇದು. ಸುತ್ತಲೂ ಬಯಲು, ಜೋಳದ ಹೊಲ, ಬೀಸುವ ಗಾಳಿ. ವಿಜಯಪುರದವನಿಗೆ ಇನ್ನೇನು ಬೇಕು! ಸಣ್ಣ ಸಣ್ಣ ಊರಿಗೂ ಇಲ್ಲಿ ಒಂದು ರನ್‌ವೇ ಇರುತ್ತದೆ, ಪಕ್ಕದಲ್ಲಿ ಸಾಲು ಹ್ಯಾಂಗರ್, ಅಂದರೆ ವಿಮಾನ ಇಡುವ ಶೆಡ್. ನಾವು ಕೆಲವರು ಸೇರಿ ಸೆಸ್ನಾ 172 ಅಂತ ನಾಲ್ಕು ಸೀಟಿನ ಒಂದು ಸಣ್ಣ ವಿಮಾನ ಇಟ್ಟುಕೊಂಡಿದ್ದೇವೆ. ಅದನ್ನು ಹೊರಗೆ ತೆಗೆಯಲು, ಒಳಗೆ ಇಡಲು ಅಂತ ಸಿಬ್ಬಂದಿ ಯಾರೂ ಇಲ್ಲ. ಹಾರಲು ಹೋದವರೇ ದಬ್ಬಬೇಕು.

ಊರಿನಿಂದ ಅಣ್ಣನ ಮಗ ಕೇಳಿದ, “ಕಾಕಾ, ಅಷ್ಟು ದೊಡ್ಡದನ್ನ ಒಬ್ರ ಹೆಂಗ ದಬ್ಬತೀರಿ?”

ದಬ್ಬುವುದು ಅಂಥ ಕಷ್ಟ ಅಲ್ಲ. ಖಾಲಿ ವಿಮಾನದ ತೂಕ 750 ಕೆಜಿ ಆಸುಪಾಸು. ನೆಲ ಸಮವಾಗಿದ್ದು, ಗಾಲಿಯಲ್ಲಿ ಗಾಳಿ ಸರಿಯಾಗಿದ್ದರೆ ಒಬ್ಬರ ಕೈಗೇ ಬಗ್ಗುತ್ತದೆ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಒಮ್ಮೆ ಉರುಳತೊಡಗಿದರೆ ಎದೆಕೊಟ್ಟು ತಡೆಯಲು ಆಗುವುದಿಲ್ಲ. ಬ್ರೇಕ್ ಇರುವುದು ಒಳಗೆ, ಪೈಲಟ್‌ನ ಕಾಲ ಹತ್ತಿರ. ನಾವು ನಿಂತಿರುವುದು ಹೊರಗೆ.

ಮುಂದಿನ ಗಾಲಿಗೆ ಟೋ ಬಾರ್ ಅಂತ ಒಂದು ಕಬ್ಬಿಣದ ಹಿಡಿಕೆ ಸಿಕ್ಕಿಸುತ್ತೇವೆ. ಎತ್ತು ಬಿಚ್ಚಿದ ಚಕ್ಕಡಿಯನ್ನು ಮೂಕಿ ಹಿಡಿದು ಹಿಂದಕ್ಕೆ ಒತ್ತಿದವರಿಗೆ ಇದು ಗೊತ್ತಿರುವ ಕೆಲಸ ಅನಿಸಬಹುದು. ಆದರೆ ಇಲ್ಲಿ ಲೆಕ್ಕ ಉಲ್ಟಾ. ಚಕ್ಕಡಿಯ ಮೂಕಿಯನ್ನು ಬಲಕ್ಕೆ ಸರಿಸಿದರೆ ಹಿಂಭಾಗ ಎಡಕ್ಕೆ ಹೋಗುತ್ತದೆ. ವಿಮಾನದ ಕಡೆ ಮುಖ ಮಾಡಿ ಹಿಂದಕ್ಕೆ ಒತ್ತುತ್ತಾ ಟೋ ಬಾರ್ ಬಲಕ್ಕೆ ತಿರುಗಿಸಿ ನೋಡಿ, ಮೂಗು ಎಡಕ್ಕೆ ಹೊರಳಿ ಬಾಲ ನಿಮ್ಮ ಬಲಕ್ಕೇ ಬರುತ್ತದೆ. ತಿರುಗಿಸುವುದಕ್ಕೂ ಮಿತಿ ಉಂಟು. ಆ ಕಡೆ 30 ಡಿಗ್ರಿ, ಈ ಕಡೆ 30 ಡಿಗ್ರಿ. ಜಾಸ್ತಿ ಎಳೆದರೆ ಗಾಲಿಯ ಸ್ಟೀರಿಂಗ್ ಭಾಗವೇ ಮುರಿಯುತ್ತದೆ.

ನನಗೆ ಎಲ್ಲಕ್ಕಿಂತ ಚಿಂತೆ ರೆಕ್ಕೆಯದು. ಈ ತುದಿಯಿಂದ ಆ ತುದಿಗೆ 36 ಅಡಿ. ನಮ್ಮ ಹ್ಯಾಂಗರ್ ಬಾಗಿಲು 40 ಅಡಿ. ಅಂದರೆ ಪಕ್ಕಕ್ಕೆ ಎರಡೆರಡು ಅಡಿ ಜಾಗ. ಮೂಗಿನ ಹತ್ತಿರ ನಿಂತು ಎಡತುದಿ ನೋಡುವಾಗ ಬಲತುದಿ ಕಾಣುವುದಿಲ್ಲ, ಬಾಲವಂತೂ ಕಾಣುವುದೇ ಇಲ್ಲ. ಅದಕ್ಕೇ ಹ್ಯಾಂಗರ್ ನೆಲಕ್ಕೆ ಹಳದಿ ಗೆರೆ ಎಳೆದಿದ್ದೇವೆ. ಮುಂದಿನ ಗಾಲಿ ಆ ಗೆರೆ ಬಿಡಬಾರದು. ಹಿಂದಿನ ಎರಡು ಗಾಲಿ ಎಲ್ಲಿ ನಿಲ್ಲಬೇಕೋ ಅಲ್ಲಿ ಮೊದಲೇ ಮರದ ತುಂಡು ಇಟ್ಟಿರುತ್ತೇನೆ. ಗಾಲಿ ಅದಕ್ಕೆ ತಾಗಿ ನಿಂತರೆ ಬಾಲಕ್ಕೂ ಗೋಡೆಗೂ ಅಂತರ ಉಳಿಯುತ್ತದೆ. ಬಾಗಿಲಲ್ಲಿ ಒಂದು ಸಲ ನಿಂತು, ಗಾಲಿಗೆ ತುಂಡು ಕೊಟ್ಟು, ಎರಡೂ ತುದಿಗೆ ನಡೆದು ಹೋಗಿ ನೋಡಿ ಬರುತ್ತೇನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ರೆಕ್ಕೆಯ ತುದಿ ಕಂಬಕ್ಕೆ ತಾಗಿದರೆ ಮೆಕ್ಯಾನಿಕ್ ಪರೀಕ್ಷೆ ಮಾಡದೆ ಹಾರುವಂತಿಲ್ಲ, ಅಲ್ವಾ?

ಬಾಗಿಲು ಪೂರ್ತಿ ಮೇಲೆ ಹೋಗುವ ತನಕ ವಿಮಾನ ಮುಟ್ಟಬಾರದು. ಬಾಲದ ಎತ್ತರ ಸುಮಾರು 9 ಅಡಿ. ಇನ್ನು ಮಳೆನೀರು ಒಳಗೆ ಬಾರದಿರಲಿ ಅಂತ ಬಾಗಿಲ ಮುಂದಿನ ನೆಲ ಹೊರಕ್ಕೆ ಇಳಿಜಾರು ಇರುತ್ತದೆ. ಒಳಗೆ ಹೋಗುವಾಗ ಏರು, ಹೊರಗೆ ಬರುವಾಗ ತಾನೇ ಜಾರುತ್ತದೆ. ಚಳಿಗಾಲದಲ್ಲಿ ಅಲ್ಲಿ ಮಂಜುಗಡ್ಡೆ ಕಟ್ಟಿದರೆ ನಮ್ಮ ಕಾಲೇ ನಿಲ್ಲುವುದಿಲ್ಲ. ಆಗ ಬ್ಯಾಟರಿ ಟಗ್, ಅಂದರೆ ವಿಮಾನ ಎಳೆಯುವ ಸಣ್ಣ ಯಂತ್ರ, ಇದ್ದವರನ್ನು ಕೇಳುವುದೇ ಸರಿ.

ಪ್ರೊಪೆಲ್ಲರ್ ಹಿಡಿದು ಎಳೆಯುವವರನ್ನು ಇಲ್ಲೂ ನೋಡುತ್ತೇನೆ. ದಯವಿಟ್ಟು ಬೇಡ. ಈ ಎಂಜಿನ್‌ನಲ್ಲಿ ಕಿಡಿ ಕೊಡುವುದು ಮ್ಯಾಗ್ನೆಟೋ, ಅದಕ್ಕೆ ಬ್ಯಾಟರಿ ಬೇಕಿಲ್ಲ. ಕೀಲಿ ಆಫ್ ಇದ್ದರೂ ಅದರ ಅರ್ತ್ ವೈರ್ ಕಡಿದಿದ್ದರೆ, ಪ್ರೊಪೆಲ್ಲರ್ ಸ್ವಲ್ಪ ತಿರುಗಿದರೂ ಎಂಜಿನ್ ತಟ್ಟನೆ ಚಾಲೂ ಆಗಬಹುದು. ಟೋ ಬಾರ್ ವಿಷಯದಲ್ಲಿ ನನ್ನದು ಒಂದೇ ನಿಯಮ. ಕೈ ಬಿಡುವುದಾದರೆ ಅದನ್ನು ಕಳಚಿಯೇ ಬಿಡಬೇಕು. ಅದು ಸಿಕ್ಕಿಸಿದ ಹಾಗೇ ಇದ್ದು ಎಂಜಿನ್ ಚಾಲೂ ಆದರೆ ಪ್ರೊಪೆಲ್ಲರ್ ಹೋಗಿ ಅದಕ್ಕೇ ಬಡಿಯುತ್ತದೆ.

ಗಾಳಿ ಜೋರಿದ್ದ ದಿನ ನಾನು ಒಬ್ಬನೇ ಕೈ ಹಾಕುವುದಿಲ್ಲ. ಬಾಲಕ್ಕೆ ಗಾಳಿ ಬಡಿದರೆ ಇಡೀ ವಿಮಾನ ಅದರ ಎದುರಿಗೆ ತಿರುಗಲು ನೋಡುತ್ತದೆ. ಪಕ್ಕದ ಹ್ಯಾಂಗರಿನವರನ್ನು ಕರೆಯುತ್ತೇನೆ, ಅವರೂ ನನ್ನನ್ನು ಕರೆಯುತ್ತಾರೆ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಈಗ ಪೈಲಟ್ ತರಬೇತಿ ಸಿಗುತ್ತದೆ. ನಮ್ಮ ಕಡೆಯ ಮಕ್ಕಳು ಅಲ್ಲಿ ಸೇರಿದರೆ ವಿಮಾನ ದಬ್ಬುವಾಗ ಎಂದಾದರೂ ಅವರನ್ನು “ರೆಕ್ಕೆ ತುದಿ ನೋಡ್ಕೊ” ಅಂತ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಸುಮ್ನೆ ನಿಲ್ಲಿಸಿದ್ದಾರೆ ಅಂದುಕೊಳ್ಳಬೇಡಿ. ಕಣ್ಣು ತುದಿಯ ಮೇಲೇ ಇರಲಿ. ಸಂಶಯ ಬಂದ ಕೂಡಲೇ “ನಿಲ್ಲಿಸ್ರಿ!” ಅಂತ ಜೋರಾಗಿ ಕೂಗಿ. ಉರುಳುವ ವಿಮಾನ ನಿಲ್ಲಲು ಇನ್ನೂ ಎರಡು ಹೆಜ್ಜೆ ಬೇಕು.