ಭಂಡಾರ ಬರಿದು ಮಾಡಿದ ಸಂತ

ಜನವರಿಯಲ್ಲಿ ಕಾರ್ಕಳದ ಅತ್ತೂರು ಚರ್ಚಿನ ವಾರ್ಷಿಕ ಹಬ್ಬವಾದ ಸಾಂತ್‌ಮಾರಿಗೆ ಬರುವವರು ಕ್ರೈಸ್ತರಷ್ಟೇ ಅಲ್ಲ. ಸುತ್ತಲಿನ ಊರುಗಳ ಹಿಂದೂಗಳು, ಮುಸ್ಲಿಮರೂ ಬರುತ್ತಾರೆ. ಕೈಯಲ್ಲಿ ಮೇಣದಬತ್ತಿ, ಮನಸ್ಸಲ್ಲಿ ಒಂದು ಹರಕೆ. ಮಗುವಿನ ಕಾಯಿಲೆ, ಸಿಗದ ಕೆಲಸ, ತೀರದ ಸಾಲ. ಈ ಚರ್ಚ್ 2016ರಲ್ಲಿ ಬಸಿಲಿಕಾ ಆಯಿತು, ಅಂದರೆ ಪೋಪ್ ಕೊಡುವ ವಿಶೇಷ ಗೌರವದ ಪದವಿ ಪಡೆಯಿತು. ಆದರೆ ಜನರನ್ನು ಕರೆತರುವುದು ಆ ಪದವಿಯಲ್ಲ, ಸಂತ ಲಾರೆನ್ಸರು ನಮ್ಮ ಮೊರೆ ಕೇಳುತ್ತಾರೆ ಎಂಬ ನಂಬಿಕೆ.

ನಾವು ಬೇಡಲು ಹೋಗುವ ಈ ಸಂತರ ಕೆಲಸವೇ ಕೊಡುವುದಾಗಿತ್ತು. ಮೂರನೇ ಶತಮಾನದ ರೋಮ್‌ನಲ್ಲಿ ಅವರು ಡೀಕನ್, ಅಂದರೆ ಸೇವೆಗೆ ನೇಮಕವಾದ ಧರ್ಮಾಧಿಕಾರಿ. ಧರ್ಮಸಭೆಯ ಹಣ, ಬಡವರಿಗೆ ಹಂಚುವ ಹೊಣೆ ಅವರದು. ಸಣ್ಣ ಹೊಣೆಯಲ್ಲ ಅದು. 251ರ ಸುಮಾರಿಗೆ ಪೋಪ್ ಕೊರ್ನೇಲಿಯಸ್ ಬರೆದ ಪತ್ರದ ಪ್ರಕಾರ, ರೋಮ್‌ನ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ಸಾಕುತ್ತಿತ್ತು. 258ರಲ್ಲಿ, ಕ್ರೈಸ್ತರನ್ನು ಹಿಂಸಿಸುತ್ತಿದ್ದ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, ಪೋಪ್ ಎರಡನೇ ಸಿಕ್ಸ್ತಸರಿಗೆ ಮರಣದಂಡನೆಯಾಯಿತು. ಆಮೇಲೆ ಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದು ಲಾರೆನ್ಸರಿಗೆ ಆಜ್ಞೆಯಾಯಿತು. ಅವರು ಮೂರು ದಿನ ಸಮಯ ಕೇಳಿದರು, ಇದ್ದದ್ದನ್ನೆಲ್ಲ ಹಂಚಿದರು, ಬಡವರನ್ನು, ಕಣ್ಣಿಲ್ಲದವರನ್ನು, ನಡೆಯಲಾಗದವರನ್ನು ಅಧಿಕಾರಿಯ ಮುಂದೆ ನಿಲ್ಲಿಸಿ ‘ಸಭೆಯ ಸಂಪತ್ತು ಇವರೇ’ ಎಂದರು ಎನ್ನುತ್ತದೆ ಪರಂಪರೆ. ಆಗಸ್ಟ್ 10ರಂದು ಅವರೂ ಹುತಾತ್ಮರಾದರು.

ನನ್ನನ್ನು ಕಾಡುವುದು ನಾಲ್ಕನೇ ದಿನ. ಭಂಡಾರ ಬರಿದಾಗಿದೆ. ಅಷ್ಟೂ ಜನರಿಗೆ ಮತ್ತೆ ಹಸಿವಾಗುತ್ತದೆ, ಅಲ್ವಾ? ಹಂಚಲು ತಾನೂ ಇರುವುದಿಲ್ಲ ಎಂದು ಲಾರೆನ್ಸರಿಗೆ ಗೊತ್ತಿತ್ತು. ಆದರೂ ಅವರು ಏನನ್ನೂ ಎತ್ತಿಡಲಿಲ್ಲ. ನಾಳೆಯನ್ನು ದೇವರ ಕೈಗೆ ಬಿಟ್ಟರು.

ಬೈಬಲಿನಲ್ಲಿ ಬರುವ ಚಾರೆಪ್ತ ಎಂಬ ಊರಿನ ವಿಧವೆಯೂ ಹೀಗೆಯೇ. ಬರಗಾಲದಲ್ಲಿ ಪ್ರವಾದಿ ಎಲೀಯ ಬಂದಾಗ ಅವಳು ಕಟ್ಟಿಗೆ ಆಯುತ್ತಿದ್ದಳು. ಇದ್ದದ್ದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಮಗನ ಜೊತೆ ಅದನ್ನು ತಿಂದು ಸಾಯುವುದು ಎಂದುಕೊಂಡಿದ್ದಳು. ಎಲೀಯ ಮೊದಲು ತನಗೊಂದು ಸಣ್ಣ ರೊಟ್ಟಿ ಕೇಳಿದ. ಕೊಟ್ಟಳು. ಮಳೆ ಬರುವ ತನಕ ಆ ಮಡಕೆಯ ಹಿಟ್ಟು ತೀರಲಿಲ್ಲ. ಆದರೆ ಮಡಕೆ ತುಂಬಿ ತುಳುಕಿತು ಎಂದು ಬೈಬಲ್ ಹೇಳುವುದಿಲ್ಲ. ಅಂದಂದಿನ ರೊಟ್ಟಿಗೆ ಅಂದಂದು ಹಿಟ್ಟಿತ್ತು, ಅಷ್ಟೇ. ಹತ್ತು ಕೊಟ್ಟರೆ ದೇವರು ನೂರು ಕೊಡುತ್ತಾನೆ ಎಂಬ ಬೋಧನೆ ಈಗ ಜಾಸ್ತಿ ಕೇಳಿಬರುತ್ತದೆ. ನನಗದು ಒಪ್ಪಿಗೆಯಿಲ್ಲ. ಅದು ವ್ಯಾಪಾರ.

ನಮ್ಮ ಹರಕೆಗಳಲ್ಲೂ ಇದರ ನೆರಳಿದೆ. ಕೆಲಸ ಸಿಕ್ಕರೆ ಕೊಡುತ್ತೇನೆ, ಕಾಯಿಲೆ ವಾಸಿಯಾದರೆ ಕೊಡುತ್ತೇನೆ. ಈ ಸಲ ಮೊದಲೇ ಕೊಡೋಣ ಎಂದು ನಮ್ಮ ಮನೆಯಲ್ಲಿ ಮಾತಾಡಿಕೊಂಡಿದ್ದೇವೆ. ನೆರೆಮನೆಯವರೊಬ್ಬರು ಡಯಾಲಿಸಿಸ್‌ಗೆ ಹೋಗಿಬರಬೇಕು, ಅವರ ಆಟೋ ಬಾಡಿಗೆ ಇನ್ನು ನಮ್ಮದು. ಮಗಳಿಗೆ ಇನ್ನೂ ಕೆಲಸ ಆಗಿಲ್ಲ. ಅದಕ್ಕಾಗಿ ಪ್ರಾರ್ಥಿಸುತ್ತಲೇ ಇದ್ದೇವೆ. ಆಟೋ ಬಾಡಿಗೆಯನ್ನು ಮಾತ್ರ ಆ ಪ್ರಾರ್ಥನೆಯ ಲೆಕ್ಕಕ್ಕೆ ಸೇರಿಸಿಲ್ಲ.