ಸಿಇಒ ನೋಡುವ ಪರದೆಯನ್ನೇ ಕಂಪನಿಯೂ ನೋಡುತ್ತದೆ

ಕಂಪನಿಗಳಲ್ಲಿ ಇಆರ್‌ಪಿ (ಮಾರಾಟ, ದಾಸ್ತಾನು, ಹಣಕಾಸು ಎಲ್ಲದರ ಲೆಕ್ಕವನ್ನೂ ಒಂದೇ ಕಡೆ ಇಡುವ ತಂತ್ರಾಂಶ) ಅಳವಡಿಸುವುದು, ಹಳೆಯ ಲೆಕ್ಕಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು, ಅದನ್ನು ಬಳಸಲು ಸಿಬ್ಬಂದಿಗೆ ಕಲಿಸುವುದು ಬಹಳ ವರ್ಷಗಳಿಂದ ನನ್ನ ಕೆಲಸ. ಹೊಸ ಕಂಪನಿಗೆ ಕಾಲಿಟ್ಟಾಗ ನಾನು ಮೊದಲು ಗಮನಿಸುವುದು ಸಿಇಒ ಅವರ ವಾರದ ಪರಿಶೀಲನಾ ಸಭೆಯನ್ನು. ಆ ಸಭೆಗೆ ಅಂಕಿಗಳು ಎಲ್ಲಿಂದ ಬರುತ್ತವೆ ಎಂಬುದು ತಿಳಿದರೆ, ಡಿಜಿಟಲ್ ಪರಿವರ್ತನೆ ದಡ ಮುಟ್ಟುತ್ತದೆಯೇ ಎಂಬುದು ಬಹುಪಾಲು ತಿಳಿದಂತೆಯೇ.

ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ಹೊಸ ವ್ಯವಸ್ಥೆ ಚಾಲನೆಗೊಂಡು ತಿಂಗಳುಗಳೇ ಕಳೆದಿದ್ದವು. ಉದ್ಘಾಟನೆ ಅದ್ಧೂರಿಯಾಗಿಯೇ ನಡೆದಿತ್ತು. ಆದರೆ ಸೋಮವಾರದ ಸಭೆಯ ಎಕ್ಸೆಲ್ ಹಾಳೆ ಮೊದಲಿನಂತೆಯೇ ತಯಾರಾಗುತ್ತಿತ್ತು. ವಾರಾಂತ್ಯದಲ್ಲಿ ವಲಯ ವ್ಯವಸ್ಥಾಪಕರು ಡಿಪೊಗಳಿಗೆ ಫೋನ್ ಮಾಡಿ ಅಂಕಿಗಳನ್ನು ಬರೆದುಕೊಳ್ಳುತ್ತಿದ್ದರು. ಮಾರಾಟ ವಿಭಾಗದ ಗುಮಾಸ್ತರೊಬ್ಬರು ಅವನ್ನೆಲ್ಲ ಒಂದೇ ಹಾಳೆಗೆ ಜೋಡಿಸುತ್ತಿದ್ದರು. ಸಭೆ ಮುಗಿದ ಮೇಲೆ, ಬಿಡುವಾದಾಗ, ಅದೇ ಅಂಕಿಗಳು ಇಆರ್‌ಪಿಗೆ ಏರುತ್ತಿದ್ದವು. ಹೀಗಾಗಿ ಶುಕ್ರವಾರ ಲಾರಿ ಹತ್ತಿದ ಸರಕು ಮುಂದಿನ ಗುರುವಾರದವರೆಗೂ ಪರದೆಯ ಮೇಲೆ ದಾಸ್ತಾನಾಗಿಯೇ ಉಳಿಯುತ್ತಿತ್ತು. ಇಲ್ಲದ ಸರಕನ್ನು ಹುಡುಕಿ ಬೇಸತ್ತ ಗೋದಾಮಿನ ಮೇಲ್ವಿಚಾರಕರು ತಮ್ಮದೇ ಒಂದು ನೋಟ್‌ಬುಕ್ ಇಟ್ಟುಕೊಂಡರು. ಒಂದೇ ದಾಸ್ತಾನಿಗೆ ಮೂರು ಲೆಕ್ಕ.

ಇದಕ್ಕೆ ಸಿಬ್ಬಂದಿಯನ್ನು ದೂರುವುದು ಅನ್ಯಾಯ. ಮೇಲಿನವರು ಕೇಳುವುದನ್ನು ಮೊದಲು ಸಿದ್ಧಪಡಿಸುವುದು ಯಾವ ಕಚೇರಿಯಲ್ಲೂ ಸಹಜ. ಸಿಇಒ ಎಕ್ಸೆಲ್ ಕೇಳುವಷ್ಟು ದಿನ ಎಕ್ಸೆಲ್ ಹಾಳೆಯೇ ಕೆಲಸ, ಇಆರ್‌ಪಿ ಅದರ ಮೇಲಿನ ಹೊರೆ.

ಅಲ್ಲಿ ಗಂಟು ಬಿಚ್ಚಿದವರು ಸಿಇಒ ಅವರೇ. ಒಂದು ಸೋಮವಾರ ಅವರು ತಮ್ಮ ಲ್ಯಾಪ್‌ಟಾಪನ್ನು ಸಭಾಂಗಣದ ಪರದೆಗೆ ಜೋಡಿಸಿ, ತಮ್ಮದೇ ಲಾಗಿನ್‌ನಿಂದ ಇಆರ್‌ಪಿ ತೆರೆದರು. ಅಂಕಿಗಳು ಎದ್ದು ಕಾಣುವಷ್ಟು ತಪ್ಪಾಗಿದ್ದವು. “ಮೇಡಂ, ಸರಿಯಾದ ಲೆಕ್ಕ ನನ್ನ ಹಾಳೆಯಲ್ಲಿದೆ, ತೋರಿಸಲೇ?” ಎಂದು ವಲಯ ವ್ಯವಸ್ಥಾಪಕರೊಬ್ಬರು ಕೇಳಿದರು. “ನಿಮ್ಮ ಹಾಳೆ ಸರಿಯಿರಬಹುದು. ಆದರೆ ಇನ್ನು ಮುಂದೆ ನಾನು ನೋಡುವುದು ಇದನ್ನೇ. ತಪ್ಪನ್ನು ಇಲ್ಲಿಯೇ ತಿದ್ದಿ, ಮುಂದಿನ ವಾರ ಮತ್ತೆ ತೆರೆಯೋಣ” ಎಂದರು. ದನಿ ಏರಿಸಲಿಲ್ಲ, ಯಾರನ್ನೂ ತರಾಟೆಗೆ ತೆಗೆದುಕೊಳ್ಳಲಿಲ್ಲ. ಮುಂದಿನ ವಾರವೂ ತಪ್ಪಿತ್ತು. ಅದರ ಮುಂದಿನ ವಾರ ಕೊಂಚ ಕಡಿಮೆಯಾಯಿತು. ಅರೆಬರೆ ಅಂಕಿಗಳನ್ನು ಇಟ್ಟುಕೊಂಡು ಕೆಲವು ವಾರ ಕಂಪನಿ ನಡೆಸುವ ಕಷ್ಟವನ್ನು ಅವರು ತಾವೇ ಹೊತ್ತರು. ಯೋಜನೆಗೆ ಅವರು ಮಂಜೂರು ಮಾಡಿದ ಹಣಕ್ಕಿಂತ ದೊಡ್ಡ ಕೊಡುಗೆ ಅದು ಎಂದು ನಾನು ನಂಬಿದ್ದೇನೆ. ಐಟಿ ಮುಖ್ಯಸ್ಥರು ಎಷ್ಟೇ ಸಮರ್ಥರಾಗಿರಲಿ, ಮಾರಾಟ ವಿಭಾಗದ ಹಾಳೆ ಬೇಡ ಎನ್ನುವ ಅಧಿಕಾರ ಅವರಿಗಿಲ್ಲ. ಡಿಜಿಟಲ್ ವಿಭಾಗಕ್ಕೆಂದೇ ಬೇರೊಬ್ಬ ಮುಖ್ಯಸ್ಥರನ್ನು ನೇಮಿಸಿಕೊಂಡರೂ ಅಷ್ಟೆ: ಕೆಲಸ ಹಂಚಿಕೊಡಬಹುದು, ಈ ಅಧಿಕಾರವನ್ನು ಹಂಚಿಕೊಡಲಾಗದು.

ವಿಭಾಗಗಳ ನಡುವಿನ ಜಗಳವೂ ಇಂಥದ್ದೇ. ತಂತ್ರಜ್ಞಾನದ ಸಮಸ್ಯೆ ಎಂದು ನಮ್ಮ ಬಳಿ ಬರುವ ದೂರುಗಳಲ್ಲಿ ಹಲವು, ಇಬ್ಬರು ಮುಖ್ಯಸ್ಥರು ಒಪ್ಪದೆ ಬಿಟ್ಟ ವಿಷಯಗಳು. ಅದೇ ಕಂಪನಿಯಲ್ಲಿ ಒಬ್ಬನೇ ಗ್ರಾಹಕ ಬೇರೆ ಬೇರೆ ಕಾಗುಣಿತಗಳಲ್ಲಿ ನಾಲ್ಕೈದು ಬಾರಿ ದಾಖಲಾಗಿರುತ್ತಿದ್ದ. ಪ್ರತಿ ದಾಖಲೆಗೂ ಪ್ರತ್ಯೇಕ ಸಾಲದ ಮಿತಿ. ಒಂದು ಖಾತೆಯಲ್ಲಿ ಬಾಕಿ ಉಳಿಸಿಕೊಂಡವನು ಇನ್ನೊಂದು ಖಾತೆಯಲ್ಲಿ ಧಾರಾಳವಾಗಿ ಸರಕು ಪಡೆಯುತ್ತಿದ್ದ. ಹೀಗೆ ಮತ್ತೆ ಮತ್ತೆ ಸೇರಿದ ದಾಖಲೆಗಳನ್ನು ಹುಡುಕಿ ತೆಗೆಯುವುದು ನಮಗೆ ಕಷ್ಟವಲ್ಲ. ಆದರೆ ಮರುದಿನವೇ ಹೊಸವು ಹುಟ್ಟುತ್ತಿದ್ದವು. ಆರ್ಡರ್ ಕೈತಪ್ಪಬಾರದೆಂದು ಮಾರಾಟದವರು ಕೂಡಲೇ ಹೊಸ ಖಾತೆ ತೆರೆಯುತ್ತಿದ್ದರು. ದಾಖಲೆ ಪತ್ರಗಳಿಲ್ಲದೆ ತೆರೆಯಬಾರದು ಎಂದು ಹಣಕಾಸಿನವರು ಪಟ್ಟು ಹಿಡಿದಿದ್ದರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಸಿಇಒ ಇಬ್ಬರನ್ನೂ ಎದುರು ಕೂರಿಸಿಕೊಂಡು ತೀರ್ಮಾನ ಕೊಟ್ಟರು: ಖಾತೆ ತೆರೆಯುವುದು ಹಣಕಾಸು ವಿಭಾಗವೇ, ಆದರೆ ಕೋರಿಕೆ ಬಂದ ಒಂದು ಕೆಲಸದ ದಿನದೊಳಗೆ, ತಡವಾದರೆ ಮಾರಾಟ ಮುಖ್ಯಸ್ಥರು ನೇರವಾಗಿ ತಮಗೆ ಫೋನ್ ಮಾಡಬಹುದು. ತಿಂಗಳುಗಟ್ಟಲೆ ನಮ್ಮ ತಂಡ ಇಮೇಲ್ ಬರೆದು ಬಗೆಹರಿಸಲಾಗದ್ದು ಒಂದೇ ಸಭೆಯಲ್ಲಿ ಮುಗಿಯಿತು.

ಇನ್ನು ಚಾಲನೆಯ ದಿನಾಂಕ. ಹಳೆಯದನ್ನು ಮುಚ್ಚಿ ಹೊಸದನ್ನು ತೆರೆಯುವ ಆ ದಿನವನ್ನು ಗೊತ್ತುಮಾಡುವಾಗ ಸಿಇಒ ಅವರ ಹೊಣೆ ಅತ್ಯಂತ ಭಾರವಾಗುತ್ತದೆ. ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್ 48 ತಿಂಗಳು ಬೇಕೆಂದು ಅಂದಾಜಿಸಿದ್ದ ಇಆರ್‌ಪಿ ಯೋಜನೆಯನ್ನು 30 ತಿಂಗಳಿಗೆ ಇಳಿಸಿ, 1999ರ ಜುಲೈನಲ್ಲಿ ಚಾಲನೆ ಕೊಟ್ಟಿತು. ಅದು ವರ್ಷದ ಅತಿ ದೊಡ್ಡ ಮಾರಾಟದ ಋತುವಿಗೆ ಆರ್ಡರ್‌ಗಳು ಬರತೊಡಗುವ ಸಮಯ. ಗೋದಾಮಿನಲ್ಲಿ ಸರಕಿದ್ದರೂ 10 ಕೋಟಿ ಡಾಲರ್‌ಗೂ ಹೆಚ್ಚಿನ ಆರ್ಡರ್‌ಗಳನ್ನು ಪೂರೈಸಲಾಗಲಿಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ತನ್ನ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿದಾಗ ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆ ತೆರೆಯಲಾಗಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಸಿಇಒ ಪಾಲ್ ಪೆಸ್ಟರ್ ಹುದ್ದೆ ತೊರೆದರು. 2022ರಲ್ಲಿ ಬ್ಯಾಂಕಿಗೆ 4.86 ಕೋಟಿ ಪೌಂಡ್‌ಗೂ ಹೆಚ್ಚು ದಂಡ ಬಿತ್ತು. ಸಿದ್ಧತೆಯ ಬಗ್ಗೆ ಆಡಳಿತ ಮಂಡಳಿ ಸಾಕಷ್ಟು ಪ್ರಶ್ನೆ ಕೇಳಲಿಲ್ಲ ಎಂದು ಆ ಕುರಿತ ಸ್ವತಂತ್ರ ತನಿಖೆಯ ವರದಿ ಹೇಳಿತು. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಈ ಮಾತೇ.

ಪ್ರಶ್ನೆ ಕೇಳುವುದೆಂದರೆ ಏನು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಬಿಡಿಭಾಗಗಳ ಕಂಪನಿಯ ಗೋದಾಮಿನಲ್ಲಿ. ಯೋಜನೆಯ ವರದಿಯಲ್ಲಿ ಎಲ್ಲ ಸಾಲುಗಳೂ ‘ಸರಿಯಿದೆ’ ಎಂಬ ಹಸಿರು ಬಣ್ಣದಲ್ಲಿದ್ದ ವಾರ, ಮೇಡಂ ಯಾರಿಗೂ ಮುಂಚೆ ಹೇಳದೆ ಅಲ್ಲಿಗೆ ಬಂದರು. ಬಾರ್‌ಕೋಡ್ ಸ್ಕ್ಯಾನರನ್ನು ಕೈಗೆ ತೆಗೆದುಕೊಂಡು, ಅದನ್ನು ದಿನವೂ ಹಿಡಿಯುವ ಕೆಲಸಗಾರರ ಜೊತೆ ಕೊನೆಯ ಸಾಲಿನ ಕಪಾಟುಗಳವರೆಗೆ ನಡೆದರು. ಅಲ್ಲಿ ಕಬ್ಬಿಣದ ಚೌಕಟ್ಟುಗಳ ನಡುವೆ ವೈಫೈ ಸಿಗುತ್ತಿರಲಿಲ್ಲ. ಸ್ಕ್ಯಾನ್ ಮಾಡಿದ್ದು ಅರ್ಧಕ್ಕೆ ನಿಲ್ಲುತ್ತಿತ್ತು. ಕೆಲಸಗಾರರು ಪೆಟ್ಟಿಗೆಯನ್ನು ಹೊತ್ತು ಮುಂದಿನ ಸಾಲಿಗೆ ತಂದು ಸ್ಕ್ಯಾನ್ ಮಾಡಿ, ಮತ್ತೆ ಹಿಂದಕ್ಕೆ ಒಯ್ದು ಇಡುತ್ತಿದ್ದರು. ಈ ಸಂಗತಿ ಮೇಲ್ವಿಚಾರಕರಿಗೆ ಗೊತ್ತಿತ್ತು, ಅವರು ಹೇಳಿಯೂ ಇದ್ದರು. ವರದಿ ಒಂದೊಂದೇ ಮೆಟ್ಟಿಲು ಹತ್ತುವಾಗ “ಸಣ್ಣ ತೊಡಕು” ಎಂದಾಗಿ, ಕೊನೆಗೆ ಮಾಯವಾಗಿತ್ತು. ಗೋದಾಮಿನ ಹಂತದ ಚಾಲನೆಯನ್ನು ತ್ರೈಮಾಸಿಕದ ಕೊನೆಯಿಂದ ಮುಂದಕ್ಕೆ ಹಾಕಲಾಯಿತು. ಅದಕ್ಕಿಂತ ಹೆಚ್ಚಿನ ಪರಿಣಾಮ ಬೀರಿದ್ದು, ಮುಂದಿನ ಸಭೆಯಲ್ಲಿ ಅವರು ಆ ಮೇಲ್ವಿಚಾರಕರಿಗೆ ಎಲ್ಲರೆದುರು ಧನ್ಯವಾದ ಹೇಳಿದ್ದು. ಆಮೇಲಿನ ವರದಿಗಳಲ್ಲಿ ಕೆಂಪು ಬಣ್ಣ ಕಾಣಿಸತೊಡಗಿತು. ಕೆಟ್ಟ ಸುದ್ದಿ ತಂದವರಿಗೆ ಸಿಇಒ ಮೊದಲ ಸಲ ಹೇಗೆ ಪ್ರತಿಕ್ರಿಯಿಸುತ್ತಾರೋ, ಎರಡನೆಯ ಸುದ್ದಿ ಬರುವುದೂ ಬಾರದಿರುವುದೂ ಅದರ ಮೇಲೆಯೇ ನಿಂತಿದೆ.

ಕೆಲಸ ಹೋದೀತೆಂಬ ಸಿಬ್ಬಂದಿಯ ಭಯಕ್ಕೂ ಸಿಇಒ ಅವರೇ ಉತ್ತರ ಕೊಡಬೇಕು. ವಾರಾಂತ್ಯದ ಹಾಳೆ ಜೋಡಿಸುತ್ತಿದ್ದ ಗುಮಾಸ್ತರಿಗೆ ತಮ್ಮ ಕೆಲಸ ಹೋಗುತ್ತದೆಂಬ ಅಂಜಿಕೆ ಇತ್ತು, ಅದು ಸಕಾರಣವೂ ಹೌದು. ಹೊಸ ವ್ಯವಸ್ಥೆ ಬಂದ ಮೇಲೆ ಯಾರ ಕೆಲಸ ಉಳಿಯುತ್ತದೆ, ಯಾರದು ಬದಲಾಗುತ್ತದೆ, ಯಾರದು ಇಲ್ಲವಾಗುತ್ತದೆ ಎಂಬುದನ್ನು ಬಿಡಿಸಿ ಹೇಳದಿದ್ದರೆ, ತರಬೇತಿಗೆ ಬಂದವರ ಕೈ ಕೀಲಿಮಣೆಯ ಮೇಲಿದ್ದರೂ ಮನಸ್ಸು ಅಲ್ಲಿರುವುದಿಲ್ಲ. ಗ್ರಾಹಕರ ದಾಖಲೆಗಳನ್ನು ನೋಡಿಕೊಳ್ಳುವ ಹೊಣೆಯನ್ನು ಆ ಗುಮಾಸ್ತರಿಗೇ ಕೊಡಲಾಯಿತು. ಯಾವ ಹೆಸರು ಯಾವ ಅಂಗಡಿಯದು ಎಂಬುದು ಅವರಷ್ಟು ಚೆನ್ನಾಗಿ ಬೇರಾರಿಗೂ ತಿಳಿದಿರಲಿಲ್ಲ.

ಕೊನೆಗೆ ಹಳೆಯ ವ್ಯವಸ್ಥೆಯನ್ನು ಓದಲು ಮಾತ್ರ ತೆರೆದಿಡುವ, ಹೊಸ ನಮೂದಿಗೆ ಮುಚ್ಚುವ ಆದೇಶಕ್ಕೆ ಸಿಇಒ ಸಹಿ ಹಾಕಿದರು. ವಿನಾಯಿತಿ ಕೇಳಿ ಮೊದಲು ಬಂದದ್ದು ಅತಿ ಹೆಚ್ಚು ಮಾರಾಟ ತರುವ ವಲಯವೇ; ಇನ್ನೊಂದು ತ್ರೈಮಾಸಿಕ ಹಳೆಯದರಲ್ಲಿಯೇ ಮುಂದುವರಿಯುತ್ತೇವೆ ಎಂದರು. ಅವರಿಗೆ ವಿನಾಯಿತಿ ಸಿಗಲಿಲ್ಲ. ಬದಲಿಗೆ ನಮ್ಮ ತಂಡದ ಇಬ್ಬರನ್ನು ಅವರ ಕಚೇರಿಗೆ ಕಳುಹಿಸಿ, ತಿಂಗಳ ಲೆಕ್ಕ ಮುಗಿಯುವವರೆಗೆ ಪಕ್ಕದಲ್ಲೇ ಕುಳಿತು ನೆರವಾಗುವಂತೆ ಮೇಡಂ ಹೇಳಿದರು. ಉಳಿದ ವಲಯಗಳಿಂದ ಅಂಥ ಕೋರಿಕೆ ಬರಲೇ ಇಲ್ಲ.